ಶರಣೆ ಆಯ್ದಕ್ಕಿ ಲಕ್ಕಮ್ಮನ ಸಂತೃಪ್ತ ಸಂಸಾರ

ಸುಖವನ್ನು ಬಯಸದ ಮನುಷ್ಯನಿಲ್ಲ. ಬೆಳಗಾಗೆದ್ದು ಹೊಲಕ್ಕೆ ನಡೆಯುವ ರೈತನೂ, ಅಂಗಡಿಯ ಬಾಗಿಲು ತೆರೆಯುವ ವರ್ತಕನೂ, ಒಲೆಯ ಮುಂದೆ ಕುಳಿತ ಗೃಹಿಣಿಯೂ ತಮ್ಮ ತಮ್ಮ ದುಡಿಮೆಯ ಕೊನೆಯಲ್ಲಿ ಹಾರೈಸುವುದು ಒಂದಿಷ್ಟು ನೆಮ್ಮದಿಯನ್ನೇ. ಆದರೆ ಆ ನೆಮ್ಮದಿಯು ಎಲ್ಲಿದೆ ಎಂಬುದನ್ನು ಅರಿಯುವಲ್ಲಿ ಬಹುಮಂದಿ ಎಡವುತ್ತಾರೆ. ಇನ್ನಷ್ಟು ದೊರೆತರೆ ಸುಖ, ಮಕ್ಕಳು ದೊಡ್ಡವರಾದರೆ ಸುಖ, ಸಾಲ ತೀರಿದರೆ ಸುಖ ಎಂದು ಎಣಿಸುತ್ತ ಕೈಯಲ್ಲಿರುವ ಇಂದಿನ ದಿನವನ್ನೇ ಕಳೆದುಕೊಳ್ಳುತ್ತಾರೆ. ಕೈಲಾಸವನ್ನು ಕುರಿತಾದ ಬಯಕೆಯೂ ಕೆಲವರಲ್ಲಿ ಇದೇ ಜಾತಿಯದಾಗಿರುತ್ತದೆ. ಇಂದು ದುಃಖಪಟ್ಟರೆ ನಾಳೆ ಅಲ್ಲಿ ಸುಖ ಸಿಕ್ಕೀತು ಎಂಬ ಲೆಕ್ಕಾಚಾರವು ಭಕ್ತಿಯ ವೇಷದಲ್ಲಿ ಮನೆಯೊಳಗೆ ಬಂದು ಕುಳಿತಿರುತ್ತದೆ. ಈ ಎರಡು ಬಗೆಯ ಆಸೆಯನ್ನೂ ಗುರುತಿಸಿ, ತನ್ನ ಗುಡಿಸಲಿನ ಬಾಗಿಲಲ್ಲಿಯೇ ತಡೆದು ನಿಲ್ಲಿಸಿದ ಒಬ್ಬ ಗೃಹಿಣಿಯು ಶರಣಸಮೂಹದಲ್ಲಿ ಆಗಿಹೋಗಿದ್ದಾಳೆ. ಆಕೆಯೇ ಆಯ್ದಕ್ಕಿ ಲಕ್ಕಮ್ಮ.

ಲಕ್ಕಮ್ಮನು ಅರಸುಮನೆತನದವಳಲ್ಲ; ಶಾಸ್ತ್ರವನ್ನೋದಿದ ಪಂಡಿತೆಯೂ ಅಲ್ಲ. ಆಯ್ದು ತಂದ ಅಕ್ಕಿಯನ್ನು ಬೇಯಿಸಿ, ಲಿಂಗಕ್ಕರ್ಪಿಸಿ, ಜಂಗಮಕ್ಕೆ ನೀಡಿ, ಉಳಿದುದನ್ನು ಪತಿಯೊಡನೆ ಪ್ರಸಾದವೆಂದು ಸ್ವೀಕರಿಸಿದ ಬಡವೆ. ಆಕೆಯ ಹುಟ್ಟಿದ ವರ್ಷವನ್ನಾಗಲಿ, ತಂದೆತಾಯಿಗಳ ಹೆಸರನ್ನಾಗಲಿ ಯಾರೂ ಬರೆದಿಡಲಿಲ್ಲ. ಆದರೂ ಎಂಟು ಶತಮಾನಗಳಿಗೂ ಮೀರಿದ ಕಾಲದಿಂದ ಆಕೆಯ ಹೆಸರು ಶರಣರ ಮನೆಗಳಲ್ಲಿ ಬಾಳಿದೆ. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗಕ್ಕೆ ಬೇರೆಯಾಗಿಯೇ ಒಂದು ಅಧ್ಯಾಯವು ಮೀಸಲಾಗಿರುವುದು ಆಕೆಯ ಹಿರಿಮೆಗೆ ಸಾಕ್ಷಿಯಾಗಿದೆ.

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿ ಅಮರೇಶ್ವರವೆಂಬ ಪುಣ್ಯಕ್ಷೇತ್ರವಿದೆ. ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಆ ಸ್ಥಳದವರು. ಅಲ್ಲಿಯ ಅಮರೇಶ್ವರಲಿಂಗವೇ ಅವರ ಆರಾಧ್ಯದೈವ. ಮುಂದೆ ಇಬ್ಬರೂ ತಮ್ಮ ವಚನಗಳ ಅಂಕಿತದಲ್ಲಿ ಆ ಹೆಸರನ್ನೇ ಇರಿಸಿಕೊಂಡರು. ಮಾರಯ್ಯನು ಅಮರೇಶ್ವರಲಿಂಗವನ್ನು ಸಂಬೋಧಿಸಿದರೆ, ಲಕ್ಕಮ್ಮನು ಆ ಹೆಸರಿನ ಹಿಂದೆ ಮಾರಯ್ಯನಿಗೆ ಪ್ರಿಯನಾದ ಎಂಬ ವಿಶೇಷಣವನ್ನು ಸೇರಿಸಿಕೊಂಡಳು. ಪತಿಯ ಹೆಸರನ್ನೂ ದೈವದ ಹೆಸರನ್ನೂ ಒಂದೇ ಉಸಿರಿನಲ್ಲಿ ನೆನೆದ ಈ ಅಂಕಿತವೊಂದೇ ಆ ದಾಂಪತ್ಯದ ಮಾಧುರ್ಯವನ್ನು ಹೇಳುತ್ತದೆ. ಆದರೆ ಆ ಮಾಧುರ್ಯವು ಪತಿಯ ತಪ್ಪನ್ನು ಕಂಡೂ ಕಾಣದಂತೆ ಇರುವ ಬಗೆಯದಲ್ಲವೆಂಬುದು ಆಕೆಯ ಜೀವನದಿಂದ ಮುಂದೆ ತಿಳಿಯುವುದು.

ಅದು 12ನೆಯ ಶತಮಾನದ ನಡುಗಾಲ. ಕಲಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಕಲ್ಯಾಣ ಪಟ್ಟಣವು ಮೆರೆಯುತ್ತಿದ್ದಿತು. ಇಂದು ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣವೇ ಆ ಪಟ್ಟಣ. ಅರಸನ ಭಂಡಾರದ ಹೊಣೆಯನ್ನು ಹೊತ್ತಿದ್ದ ಬಸವಣ್ಣನವರ ಮಹಾಮನೆಯು ಶರಣರ ತವರಾಗಿದ್ದಿತು. ಬಟ್ಟೆಯನ್ನು ಮಡಿ ಮಾಡುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬುಟ್ಟಿ ಹೆಣೆಯುವ ಕೇತಯ್ಯ, ದೋಣಿ ನಡೆಸುವ ಚೌಡಯ್ಯ, ಸೌದೆ ಮಾರುವ ಮೋಳಿಗೆಯ ಮಾರಯ್ಯ, ಹೀಗೆ ನಾನಾ ಕಾಯಕದ ಶರಣರು ಸಮಾನಭಾವದಿಂದ ಕಲೆತು ಅನುಭಾವಗೋಷ್ಠಿಯನ್ನು ನಡೆಸುತ್ತಿದ್ದರು. ಈ ಕೀರ್ತಿಯನ್ನು ಕೇಳಿ ಅಮರೇಶ್ವರದ ದಂಪತಿಗಳೂ ಕಲ್ಯಾಣಕ್ಕೆ ಬಂದು ನೆಲೆಸಿದರೆಂದು ಪರಂಪರೆಯು ಹೇಳುತ್ತದೆ.

ಹೊಸ ಊರಿಗೆ ಬಂದವರಿಗೆ ಮೊದಲು ಬೇಕಾದುದು ಜೀವನೋಪಾಯ. ಬಸವಣ್ಣನವರ ಮಹಾಮನೆಯಲ್ಲಿ ನಿತ್ಯವೂ ದಾಸೋಹವು ನಡೆಯುತ್ತಿದ್ದುದರಿಂದ, ಅಲ್ಲಿ ಕೈಯೊಡ್ಡಿ ನಿಂತವರಿಗೆ ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ಮಾರಯ್ಯನು ಕೈಯೊಡ್ಡಲಿಲ್ಲ. ಮಹಾಮನೆಯ ಅಂಗಳದಲ್ಲಿ ಅಕ್ಕಿಯನ್ನು ತರುವಾಗ, ಅಳೆಯುವಾಗ, ಒಯ್ಯುವಾಗ ಚೆಲ್ಲಿದ ಕಾಳುಗಳನ್ನು ಅವನು ನೋಡಿದನು. ಜನರ ಕಾಲ್ತುಳಿತಕ್ಕೆ ಸಿಕ್ಕಿ ಮಣ್ಣಾಗುವ ಆ ಕಾಳುಗಳನ್ನು ಒಂದೊಂದಾಗಿ ಆಯ್ದು ತರುವುದನ್ನೇ ತನ್ನ ಕಾಯಕವೆಂದು ಕೈಕೊಂಡನು. ಇದರಿಂದಲೇ ದಂಪತಿಗಳ ಹೆಸರಿನ ಹಿಂದೆ ಆಯ್ದಕ್ಕಿ ಎಂಬುದು ಸೇರಿಕೊಂಡಿತು.

ಹೊರಗಿನಿಂದ ನೋಡುವವರಿಗೆ ಇದು ದೈನ್ಯದ ವೃತ್ತಿಯಾಗಿ ಕಂಡೀತು. ವಿಚಾರಿಸಿ ನೋಡಿದರೆ ಇದರಲ್ಲಿ ಅಡಗಿದ ಘನತೆಯು ತಿಳಿಯುವುದು. ಅವನು ಯಾರ ಪಾಲನ್ನೂ ಕಸಿಯಲಿಲ್ಲ. ಯಾರ ಹಂಗಿಗೂ ಒಳಗಾಗಲಿಲ್ಲ. ರೈತನು ಬೆವರು ಸುರಿಸಿ ಬೆಳೆದ ಕಾಳು ವ್ಯರ್ಥವಾಗದಂತೆ ಕಾಪಾಡಿ ಅದನ್ನು ಪ್ರಸಾದವನ್ನಾಗಿ ಮಾಡಿದನು. ಬಾಗಿದ ಬೆನ್ನು, ಮಣ್ಣಾದ ಬೆರಳು, ಶುದ್ಧವಾದ ಮನಸ್ಸು, ಇವು ಅವನ ಬಂಡವಾಳವಾಗಿದ್ದವು. ಕಾಯಕವನ್ನು ಕೈಲಾಸಕ್ಕೆ ಸಮನಾಗಿ ನಿಲ್ಲಿಸಿದ ಪ್ರಸಿದ್ಧವಾದ ನುಡಿಯು ಈ ಮಾರಯ್ಯನ ವಚನದಲ್ಲಿಯೇ ಬರುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಅಂಗಳದ ಮಣ್ಣಿನಲ್ಲಿ ಕಾಳನ್ನು ಹುಡುಕಿದವನ ಬಾಯಿಂದಲೇ ಆ ಮಾತು ಹೊರಟಿತು.

ಲಕ್ಕಮ್ಮನ ದಿನಚರಿಯೂ ಇಷ್ಟೇ ಸರಳವಾದುದು. ಪತಿಯು ತಂದ ಅಕ್ಕಿಯನ್ನು ಕೇರಿ, ಕಲ್ಲು ಮಣ್ಣು ಬೇರ್ಪಡಿಸಿ, ತೊಳೆದು ಅಡಿಗೆ ಮಾಡುವಳು. ಲಿಂಗಪೂಜೆಯಾದ ಬಳಿಕ ಬಂದ ಜಂಗಮರಿಗೆ ನೀಡುವಳು. ಮರುದಿನಕ್ಕೆಂದು ಏನನ್ನೂ ಉಳಿಸುತ್ತಿರಲಿಲ್ಲ. ಆ ಮನೆಯಲ್ಲಿ ಕಣಜವಿಲ್ಲದುದರಿಂದ ಕಳ್ಳನ ಭಯವಿರಲಿಲ್ಲ. ಸಾಲವಿಲ್ಲದುದರಿಂದ ಸಾಲಿಗನ ಭಯವಿರಲಿಲ್ಲ. ದಿನಕ್ಕೆ ಎಷ್ಟು ಅಕ್ಕಿ ಬೇಕೆಂಬ ಅಳತೆಯು ಆಕೆಯ ಅಂಗೈಗೆ ಗೊತ್ತಿದ್ದಿತು. ಆ ಅಳತೆಯೇ ಆ ಸಂಸಾರದ ಸುಖಕ್ಕೆ ಬೇಲಿಯಾಗಿದ್ದಿತು.

ಈ ಬೇಲಿಯನ್ನು ದಾಟುವ ಪ್ರಸಂಗಗಳು ಮೂರು ಬಾರಿ ಬಂದುವು. ಮೂರು ಬಾರಿಯೂ ದಾಟಹೊರಟವನು ಮಾರಯ್ಯ. ತಡೆದು ನಿಲ್ಲಿಸಿದವಳು ಲಕ್ಕಮ್ಮ.

ಮೊದಲನೆಯ ಪ್ರಸಂಗವು ಅನುಭಾವಗೋಷ್ಠಿಗೆ ಸಂಬಂಧಿಸಿದುದು. ಒಂದು ದಿನ ಮಾರಯ್ಯನು ಶರಣರ ನಡುವೆ ಕುಳಿತು ಪ್ರಭುದೇವರ ಅನುಭಾವವನ್ನು ಕೇಳುತ್ತ ಮೈಮರೆತನು. ಹೊತ್ತು ಹೋದುದು ತಿಳಿಯಲಿಲ್ಲ; ಅಂಗಳದ ಅಕ್ಕಿಯ ನೆನಪಾಗಲಿಲ್ಲ. ಮನೆಯಲ್ಲಿ ಒಲೆಯು ಹೊತ್ತದೆ ಉಳಿಯಿತು. ಲಿಂಗಾರ್ಪಿತಕ್ಕೆ ಅನ್ನವಿಲ್ಲದೆ ಹೋಗುವ ಸಂಭವವೊದಗಿತು. ಲಕ್ಕಮ್ಮನು ಪತಿಗೆ ಅವನ ಕಾಯಕವು ನಿಂತುಹೋದುದನ್ನು ನೇರವಾಗಿ ನೆನಪಿಸಿ ಎಚ್ಚರಿಸಿದಳು. ಸತ್ಸಂಗದಲ್ಲಿ ಕುಳಿತವನನ್ನು ಎಬ್ಬಿಸುವುದು ಸಣ್ಣ ಧೈರ್ಯದ ಮಾತಲ್ಲ. ಲೋಕದ ಕಣ್ಣಿಗೆ ಅದು ಅಪಚಾರವಾಗಿ ತೋರಬಹುದಾಗಿದ್ದಿತು. ಆದರೆ ಕೇಳಿದ ಅನುಭಾವವು ಕೈಯ ಕೆಲಸಕ್ಕೆ ಇಳಿಯದಿದ್ದರೆ ಅದು ಕಿವಿಯ ಭೋಗವಾಗುವುದೆಂಬುದನ್ನು ಆಕೆಯು ಬಲ್ಲವಳಾಗಿದ್ದಳು. ಮಾರಯ್ಯನು ಮುನಿಯಲಿಲ್ಲ. ಎದ್ದು ತನ್ನ ಕಾಯಕಕ್ಕೆ ಹೊರಟನು.

ಎರಡನೆಯ ಪ್ರಸಂಗವು ಅದರ ಬೆನ್ನಿಗೇ ನಡೆಯಿತು. ಈ ದಂಪತಿಗಳ ನಿಷ್ಠೆಯನ್ನು ಬಸವಣ್ಣನವರು ಅರಿತಿದ್ದರು. ಬಡತನದಲ್ಲಿಯೂ ಯಾರಲ್ಲಿಯೂ ಬೇಡದ ಈ ಮನೆಗೆ ತಾವಾಗಿ ಏನನ್ನಾದರೂ ಕೊಡಹೋದರೆ ಮಾರಯ್ಯನು ಒಪ್ಪಲಾರನೆಂಬುದೂ ಅವರಿಗೆ ಗೊತ್ತಿದ್ದಿತು. ಆದುದರಿಂದ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿಯು ಚೆಲ್ಲಿ ಬೀಳುವಂತೆ ಮಾಡಿದರೆಂದು ಕಥೆಯು ಸಾಗುತ್ತದೆ. ಅದು ಕರುಣೆಯೋ ಪರೀಕ್ಷೆಯೋ ಎಂಬುದನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುವರು. ಮೋಳಿಗೆಯ ಮಾರಯ್ಯನ ಮನೆಯಲ್ಲಿಯೂ ಬಸವಣ್ಣನವರು ಗುಟ್ಟಾಗಿ ಹೊನ್ನನ್ನು ಇರಿಸಿ ಬಂದರೆಂಬ ಕಥೆಯುಂಟು. ಕೊಡುವವರು ಮರೆಯಾಗಿ ನಿಂತು ಕೊಡುವುದು ಮಹಾಮನೆಯ ಒಂದು ರೀತಿಯಾಗಿದ್ದಿತು.

ತಡವಾಗಿ ಬಂದ ಮಾರಯ್ಯನು ಅಂಗಳದಲ್ಲಿ ಹರಡಿದ್ದ ಅಕ್ಕಿಯನ್ನು ಕಂಡನು. ಹೊತ್ತು ಮೀರಿದ್ದಿತು, ಮನೆಯಲ್ಲಿ ಕಾಯುತ್ತಿದ್ದವಳ ನೆನಪು ಮನಸ್ಸಿನಲ್ಲಿದ್ದಿತು. ಅವಸರದಲ್ಲಿ ಎರಡೂ ಕೈಗಳಿಂದ ಬಳಿದು ಉಡಿಯಲ್ಲಿ ತುಂಬಿಕೊಂಡನು. ಅಂದು ಅವನು ತಂದುದು ನಿತ್ಯದ ಅಳತೆಗಿಂತ ಬಹಳ ಹೆಚ್ಚಾಗಿದ್ದಿತು. ಮನೆಗೆ ಬಂದು ಸಂತೋಷದಿಂದ ಅದನ್ನು ಮಡದಿಯ ಮುಂದೆ ಇರಿಸಿದನು.

ಬಡವರ ಮನೆಗೆ ಅಕ್ಕಿಯು ಹೆಚ್ಚು ಬಂದರೆ ಹಿಗ್ಗದ ಗೃಹಿಣಿಯುಂಟೆ? ಅಂದು ಲಕ್ಕಮ್ಮನು ಹಿಗ್ಗಲಿಲ್ಲ. ಅಕ್ಕಿಯ ರಾಶಿಯನ್ನು ನೋಡಿ ಆಕೆಯ ಮನಸ್ಸು ನೊಂದಿತು. ಈ ಹೆಚ್ಚಳವು ಪತಿಯ ಮನಸ್ಸಿನಲ್ಲಿ ಮೂಡಿದ ಆಸೆಯಿಂದ ಬಂದುದೋ ಅಥವಾ ಬಸವಣ್ಣನವರು ತಮ್ಮ ಭಕ್ತಿಯನ್ನು ಶಂಕಿಸಿ ಹೂಡಿದ ಪರೀಕ್ಷೆಯೋ ಎಂದು ಆಕೆಯು ಕೇಳಿದಳು. ಆಸೆಯು ರಾಜ್ಯವಾಳುವವರಿಗೆ ಇರತಕ್ಕದ್ದು, ಶಿವಭಕ್ತರ ಮನೆಗೆ ಅದರ ಗೊಡವೆಯೇಕೆ ಎಂಬುದು ಆಕೆಯ ಭಾವವಾಗಿದ್ದಿತು. ತಮಗೆ ಸಾಕಾಗುವಷ್ಟನ್ನು ಇರಿಸಿಕೊಂಡು ಉಳಿದುದನ್ನು ತಂದ ಸ್ಥಳದಲ್ಲಿಯೇ ಸುರಿದು ಬರಬೇಕೆಂದು ಪತಿಗೆ ಹೇಳಿದಳು. ಮಾರಯ್ಯನು ಮರುಮಾತಾಡದೆ ಅಕ್ಕಿಯನ್ನು ಹೊತ್ತುಕೊಂಡು ಮಹಾಮನೆಗೆ ಮರಳಿದನು.

ಈ ಪ್ರಸಂಗವನ್ನು ಕೇಳಿದ ಗೃಹಸ್ಥನ ಮನಸ್ಸಿನಲ್ಲಿ ಒಂದು ಸಂದೇಹವು ಏಳುವುದು ಸಹಜ. ಕದ್ದುದಲ್ಲ, ಬೇಡಿದುದಲ್ಲ, ನೆಲಕ್ಕೆ ಬಿದ್ದ ಅಕ್ಕಿಯನ್ನು ಒಂದು ದಿನ ಹೆಚ್ಚಾಗಿ ತಂದರೆ ಏನು ಕೆಟ್ಟೀತು? ಲಕ್ಕಮ್ಮನು ಕಂಡುದು ಅಕ್ಕಿಯನ್ನಲ್ಲ, ಅಕ್ಕಿಯ ಹಿಂದೆ ಬರುವ ಪರಿವಾರವನ್ನು. ಇಂದು ಹೆಚ್ಚು ತಂದರೆ ಅದನ್ನು ಇಡಲು ಗಡಿಗೆ ಬೇಕು. ಗಡಿಗೆಯನ್ನು ಕಾಯಲು ಬಾಗಿಲು ಬೇಕು. ನಾಳೆಗೆ ಅಕ್ಕಿಯಿದೆಯೆಂಬ ಧೈರ್ಯದಿಂದ ನಾಳೆಯ ಕಾಯಕದಲ್ಲಿ ಆಲಸ್ಯ ಹುಟ್ಟುವುದು. ನಾಡಿದ್ದಿಗೆ ಸಾಲದೆಂಬ ಚಿಂತೆಯೂ ಅದರ ಜೊತೆಗೇ ಹುಟ್ಟುವುದು. ಬಂದ ಜಂಗಮನಿಗೆ ನೀಡುವಾಗ ಉಳಿಕೆಯ ಕಡೆಗೆ ಕಣ್ಣು ಹೊರಳುವುದು. ನಿನ್ನೆಯವರೆಗೆ ಕೊರತೆಯೆಂಬುದನ್ನೇ ಅರಿಯದ ಮನೆಗೆ ಹೆಚ್ಚಳದ ಮೂಲಕವೇ ಕೊರತೆಯು ಪ್ರವೇಶಿಸುವುದು. ಇದಲ್ಲದೆ, ಆ ಅಂಗಳದ ಕಾಳುಗಳಲ್ಲಿ ಇತರರ ಪಾಲೂ ಇದ್ದಿತು. ತನ್ನ ಅವಶ್ಯಕತೆಗೆ ಮೀರಿ ತಂದುದು ಮತ್ತೊಬ್ಬರ ಬಟ್ಟಲಿನಿಂದ ತಂದುದೇ ಆಗುವುದೆಂಬ ಸೂಕ್ಷ್ಮವನ್ನು ಆಕೆಯು ಮರೆಯಲಿಲ್ಲ.

ಆದುದರಿಂದ ಆಕೆಯ ಸಂತೃಪ್ತಿಯನ್ನು ಕೈಲಾಗದವರ ಸಮಾಧಾನವೆಂದು ತಿಳಿಯಬಾರದು. ಸಿಗದುದನ್ನು ಬೇಡವೆನ್ನುವುದು ಸುಲಭ. ಕೈಗೆ ಬಂದುದನ್ನು, ಅದೂ ಹಸಿದ ಹೊತ್ತಿನಲ್ಲಿ, ಸಾಕೆಂದು ಹಿಂತಿರುಗಿಸುವುದಕ್ಕೆ ಒಳಗೆ ತುಂಬಿದ ಸಂಪತ್ತು ಇರಬೇಕು. ಮನಸ್ಸಿನ ಶುದ್ಧಿಯಿಲ್ಲದವನನ್ನೇ ದ್ರವ್ಯದ ಬಡತನವು ಕಾಡುವುದೆಂದೂ, ಶುದ್ಧಚಿತ್ತದಿಂದ ಕಾಯಕ ಮಾಡುವ ಸದ್ಭಕ್ತನಿಗೆ ಎಲ್ಲೆಲ್ಲಿಯೂ ಸಿರಿಯೇ ಇರುವುದೆಂದೂ ಆಕೆಯು ಒಂದು ವಚನದಲ್ಲಿ ತಿಳಿಸಿದ್ದಾಳೆ. ಇದನ್ನು ಹೇಳಿದವಳು ತುಂಬಿದ ಮನೆಯ ಒಡತಿಯಾಗಿದ್ದರೆ ಮಾತು ಹಗುರವಾಗುತ್ತಿದ್ದಿತು. ನಾಳೆಯ ಅಕ್ಕಿಯಿಲ್ಲದ ಮನೆಯಲ್ಲಿ ನಿಂತು ಹೇಳಿದುದರಿಂದ ಅದಕ್ಕೆ ತೂಕ ಬಂದಿತು.

ಇಂತಹ ಮನೆಯು ಕೊಡುವುದರಲ್ಲಿ ಹಿಂದೆ ಬಿದ್ದಿತೆಂದು ಯಾರೂ ಭಾವಿಸಬಾರದು. ಬಸವಣ್ಣನವರ ಬಳಿಯಿದ್ದ 1,96,000 ಜಂಗಮರನ್ನು ಲಕ್ಕಮ್ಮನು ತನ್ನ ಮನೆಗೆ ಪ್ರಸಾದಕ್ಕೆ ಬರಮಾಡಿಕೊಂಡಳೆಂದೂ, ಮಾರಯ್ಯನು ಆಯ್ದು ತಂದ ಸ್ವಲ್ಪವೇ ಅಕ್ಕಿಯಲ್ಲಿ ಅವರೆಲ್ಲರನ್ನೂ ತೃಪ್ತಿಪಡಿಸಿದಳೆಂದೂ ಪರಂಪರೆಯು ವರ್ಣಿಸುತ್ತದೆ. ಶ್ರದ್ಧಾವಂತರು ಅದನ್ನು ಪವಾಡವೆಂದು ಕೈಮುಗಿಯುವರು. ವಿಚಾರವಂತರು ಅದರ ತತ್ತ್ವವನ್ನು ಗ್ರಹಿಸುವರು. ಕೊಡುವ ಕೈಗೆ ಭಯವಿಲ್ಲದಿದ್ದರೆ ಬಡವರ ಮನೆಯ ತುತ್ತು ಅನ್ನವೂ ಉಂಡವನನ್ನು ತಣಿಸುವುದು. ಕೊಡುವಾಗ ಲೆಕ್ಕ ಹಾಕಿದರೆ ಸಿರಿವಂತರ ಹಬ್ಬದೂಟವೂ ಹೊಟ್ಟೆಗೆ ಹತ್ತದು. ಇದು ಪ್ರತಿಯೊಬ್ಬ ಗೃಹಸ್ಥನ ಅನುಭವಕ್ಕೂ ಬಂದಿರುವ ಮಾತು.

ಮೂರನೆಯ ಪ್ರಸಂಗವು ಇವೆರಡಕ್ಕಿಂತಲೂ ಸೂಕ್ಷ್ಮವಾದುದು. ಕಾಯಕ ಮತ್ತು ದಾಸೋಹಗಳಲ್ಲಿ ಪಳಗಿದ ಮಾರಯ್ಯನ ಮನಸ್ಸಿನಲ್ಲಿ ಕೈಲಾಸಕ್ಕೆ ಹೋಗಬೇಕೆಂಬ ಹಂಬಲವು ಮೂಡಿತು. ಇಷ್ಟು ಕಾಲ ದುಡಿದುದಕ್ಕೆ, ನೀಡಿದುದಕ್ಕೆ ಶಿವನ ಸಾನ್ನಿಧ್ಯವು ದೊರೆಯಬೇಕಲ್ಲವೆ ಎಂದು ಅವನು ಎಣಿಸಿದನು. ಲಕ್ಕಮ್ಮನು ಇಲ್ಲಿಯೂ ಅದೇ ಹೆಚ್ಚುವರಿ ಅಕ್ಕಿಯನ್ನು ಕಂಡಳು. ಮಾಡಿ ನೀಡಿದುದಕ್ಕೆ ಪ್ರತಿಯಾಗಿ ಪಡೆಯಲು ಕೈಲಾಸವು ದಿನಗೂಲಿಯ ಹಣವಲ್ಲವೆಂದು ತಿಳಿಯಹೇಳಿದಳು. ಎಲ್ಲಿ ನಿಂತು ಶುದ್ಧಭಾವದಿಂದ ಕಾಯಕವನ್ನು ಮಾಡುವೆವೋ ಅಲ್ಲಿಯೇ ಶಿವನಿರುವನು. ಅದನ್ನು ಬಿಟ್ಟು ಬೇರೊಂದು ಲೋಕದಲ್ಲಿ ಸುಖವನ್ನು ಕೂಡಿಡಹೊರಟವನು ಇಲ್ಲಿಯದನ್ನೂ ಕಳೆದುಕೊಳ್ಳುವನು ಎಂಬುದು ಆಕೆಯ ಬೋಧೆಯ ತಿರುಳು. ಅಕ್ಕಿಯನ್ನು ನಾಳೆಗೆಂದು ಕೂಡಿಡುವುದು ಲೋಭವಾದರೆ, ಪುಣ್ಯವನ್ನು ನಾಳೆಗೆಂದು ಕೂಡಿಡುವುದೂ ಲೋಭವೇ ಸರಿ.

ಮಾರಯ್ಯನು ಆಗ ಮಡದಿಯಲ್ಲಿಯೇ ಅರಿವಿನ ಬೆಳಕನ್ನು ಬೇಡಿದನು. ಲಕ್ಕಮ್ಮನು ಪತಿಗೆ ಐಕ್ಯದ ನಿಲುವನ್ನು ಬೋಧಿಸಿದಳು. ಪತಿ ಪತ್ನಿಯೆಂಬ ಭೇದವು ದೇಹದ ಕೂಟಕ್ಕೆ ಸೇರಿದುದು, ಅರಿವಿಗೆ ಗಂಡು ಹೆಣ್ಣೆಂಬ ಬೇರೆ ಬೇರೆ ಒಡಲುಗಳಿಲ್ಲ ಎಂಬ ಆಕೆಯ ನಿಲುವನ್ನು ಮಾರಯ್ಯನು ತಲೆಬಾಗಿ ಒಪ್ಪಿಕೊಂಡನು. ಹೆಣ್ಣು ಗಂಡಿಗೆ ಗುರುವಾಗಿ ನಿಂತ ಈ ಪ್ರಸಂಗವು 12ನೆಯ ಶತಮಾನದ ಕಲ್ಯಾಣದಲ್ಲಿ ಸಾಧ್ಯವಾಯಿತೆಂಬುದು ಶರಣಧರ್ಮದ ಹಿರಿಮೆ. ಹೇಳುವವಳಲ್ಲಿ ಗರ್ವವಿರಲಿಲ್ಲ, ಕೇಳುವವನಲ್ಲಿ ಕೀಳರಿಮೆಯಿರಲಿಲ್ಲ. ಮೂರು ಬಾರಿ ತಿದ್ದಿಸಿಕೊಂಡರೂ ಮಾರಯ್ಯನು ಒಮ್ಮೆಯಾದರೂ ಸಿಡುಕಿದಂತೆ ಕಥೆಯಲ್ಲಿ ಕಾಣುವುದಿಲ್ಲ. ಆ ಗುಡಿಸಲಿನ ಸುಖಕ್ಕೆ ಲಕ್ಕಮ್ಮನ ವಿವೇಕವು ಎಷ್ಟು ಕಾರಣವೋ, ಅದಕ್ಕೆ ಕಿವಿಗೊಟ್ಟ ಮಾರಯ್ಯನ ವಿನಯವೂ ಅಷ್ಟೇ ಕಾರಣ.

ಮುಂದೆ 1167ರ ಸುಮಾರಿಗೆ ಕಲ್ಯಾಣದಲ್ಲಿ ವಿಪ್ಲವವು ನಡೆದು ಶರಣರು ದಿಕ್ಕುದಿಕ್ಕಿಗೆ ಚದುರಿದರು. ಮಹಾಮನೆಯ ಅಂಗಳವು ಬರಿದಾಯಿತು. ಅರಸರ ಭಂಡಾರಗಳು ಹೋದುವು; ಕೋಟೆಗಳು ಪಾಳುಬಿದ್ದುವು. ಉಳಿದುಬಂದುದು ತಾಳೆಗರಿಗಳಲ್ಲಿ ಶರಣರು ಕಾಪಾಡಿದ ವಚನಗಳು. ರಾವ್‌ಬಹದ್ದೂರ್ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಮೇಲೆ ಶರಣರ ವಚನಗಳು ಅಚ್ಚಿನ ಮೂಲಕ ಜನರ ಕೈಸೇರಲಾರಂಭಿಸಿದುವು. 1993ರಲ್ಲಿ ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಿತು. ಲಕ್ಕಮ್ಮನವೆಂದು ದೊರೆತಿರುವ ವಚನಗಳು ಸುಮಾರು 25 ಮಾತ್ರ. ಇಲ್ಲಿಯೂ ಆಕೆಯು ಅಳತೆಯನ್ನು ಮೀರಲಿಲ್ಲ; ಆದರೆ ಇರುವಷ್ಟರಲ್ಲಿಯೇ ಬಾಳಿಗೆ ಬೇಕಾದುದೆಲ್ಲವೂ ಇದೆ.

ಇಂದಿನ ಗೃಹಸ್ಥನು ಲಕ್ಕಮ್ಮನಂತೆ ನಾಳೆಗೆ ಏನನ್ನೂ ಉಳಿಸದೆ ಬಾಳಬೇಕೆಂದು ಹೇಳುವುದು ವ್ಯವಹಾರಕ್ಕೆ ಹೊಂದುವ ಮಾತಲ್ಲ. ಮಕ್ಕಳ ವಿದ್ಯೆಗೆ, ಹಿರಿಯರ ಔಷಧಕ್ಕೆ, ಮಳೆ ಹೋದ ವರ್ಷದ ಬಾಳಿಗೆ ಒಂದಿಷ್ಟು ಇರಿಸಿಕೊಳ್ಳುವುದು ವಿವೇಕವೇ ಹೊರತು ಲೋಭವಲ್ಲ. ಲಕ್ಕಮ್ಮನು ಬೆರಳು ತೋರಿಸಿದುದು ಅವಶ್ಯಕತೆಯ ಕಡೆಗಲ್ಲ, ಅವಶ್ಯಕತೆಯ ಹೆಸರಿನಲ್ಲಿ ಒಳನುಗ್ಗುವ ಆಸೆಯ ಕಡೆಗೆ. ನೆರೆಯವರ ಮದುವೆಯ ಚಪ್ಪರಕ್ಕಿಂತ ನಮ್ಮದು ದೊಡ್ಡದಾಗಲೆಂದು ಸಾಲ ಮಾಡುವಾಗ, ತೊಡುವುದಕ್ಕಿಂತ ಹೆಚ್ಚು ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು ರಾತ್ರಿಯೆಲ್ಲ ನಿದ್ರೆಗೆಡುವಾಗ, ತೂಕದಲ್ಲಿ ಸ್ವಲ್ಪ ಹಿಡಿದರೆ ಯಾರಿಗೆ ಗೊತ್ತಾದೀತೆಂದು ಎಣಿಸುವಾಗ, ಈ ಅಕ್ಕಿಯು ಯಾರ ಮನಸ್ಸಿನಿಂದ ಬಂದಿತೆಂದು ಲಕ್ಕಮ್ಮನು ಕೇಳಿದ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಉತ್ತರವು ಶುದ್ಧವಾಗಿದ್ದರೆ ಇರಿಸಿಕೊಳ್ಳಬಹುದು; ಇಲ್ಲವಾದರೆ ತಂದಲ್ಲಿಯೇ ಸುರಿದು ಬರುವುದು ಲೇಸು.

ಆಕೆಯ ಬಾಳಿನಿಂದ ತಿಳಿದುಬರುವ ಸುಖದ ದಾರಿಯು ಗೂಢವಾದುದಲ್ಲ. ಕೈಯಲ್ಲಿ ಪ್ರಾಮಾಣಿಕವಾದ ಕಾಯಕವಿರಬೇಕು. ಮನಸ್ಸಿನಲ್ಲಿ ಸಾಕೆಂಬ ಅಳತೆಯಿರಬೇಕು. ಉಣ್ಣುವ ಮುನ್ನ ಇನ್ನೊಬ್ಬರಿಗೆ ನೀಡುವ ವಾಡಿಕೆಯಿರಬೇಕು. ಮನೆಯಲ್ಲಿ ತಪ್ಪಿದಾಗ ತಿದ್ದುವವರೂ ತಿದ್ದಿದಾಗ ಕೇಳುವವರೂ ಇರಬೇಕು. ಈ ನಾಲ್ಕು ಇದ್ದ ಮನೆಯು ಹುಲ್ಲಿನದಾಗಿದ್ದರೂ ಅಲ್ಲಿ ನೆಮ್ಮದಿಯು ನೆಲೆಸುವುದು. ಇವು ಇಲ್ಲದ ಮನೆಯು ಎಷ್ಟು ಅಂತಸ್ತಿನದಾಗಿದ್ದರೂ ಅಲ್ಲಿ ನಾಳೆಯ ಚಿಂತೆಯೇ ಯಜಮಾನನಾಗಿರುವುದು. ಇವುಗಳಲ್ಲಿ ಯಾವುದನ್ನೂ ಹಣ ಕೊಟ್ಟು ಕೊಳ್ಳಬೇಕಾಗಿಲ್ಲ. ಯಾವುದಕ್ಕೂ ನಾಳೆಯವರೆಗೆ ಕಾಯಬೇಕಾಗಿಲ್ಲ. ದಿನದ ಅಡಿಗೆಗೆ ಅಕ್ಕಿಯನ್ನು ಅಳೆದುಕೊಳ್ಳುವ ತಾಯಂದಿರು ಒಂದು ಗಳಿಗೆ ಲಕ್ಕಮ್ಮನನ್ನು ನೆನೆದು, ಆ ಅಳತೆಯಲ್ಲಿಯೇ ಬರುವವರಿಗೊಂದು ಹಿಡಿಯನ್ನು ಸೇರಿಸಿದರೆ, ಆ ಮಹಾಶರಣೆಯ ಬಾಳು ಆ ಮನೆಯಲ್ಲಿ ಅಂದೇ ಮುಂದುವರಿದಂತಾಗುವುದು.